ಗೋಡೆ ಅವಳದು, ನೆಲ ಅವನದು

"ಬೆರಳು ತೆಗೀರಿ."

"ತೆಗೆದ್ರೆ ಮನೆ ಮುಳುಗುತ್ತೆ!"

ಬಚ್ಚಲುಮನೆಯ ಸ್ಟೂಲಿನ ಮೇಲೆ ನಿಂತು, ಗೋಡೆಯ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದಿದ್ದ ಅವಳು ತಿರುಗಿಯೂ ನೋಡಲಿಲ್ಲ. ಕನ್ನಡಿ ನೇತುಹಾಕಲು ಡ್ರಿಲ್ ಹಿಡಿದವಳು ನೇರವಾಗಿ ನೀರಿನ ಪೈಪಿಗೇ ತೂತು ಕೊರೆದಿದ್ದಳು. ಬೆರಳ ಸಂದಿಯಿಂದ ಚಿಮ್ಮಿದ ನೀರಿಗೆ ತಲೆಯಿಂದ ಕಾಲಿನವರೆಗೆ ತೊಯ್ದು ತೊಪ್ಪೆಯಾಗಿದ್ದಳು.

ಬಂದವನು ವಾದಕ್ಕಿಳಿಯದೆ ಬಾಗಿಲ ಹೊರಗಿನ ವಾಲ್ವ್ ತಿರುಗಿಸಿದ. ನೀರು ನಿಂತಿತು.

"ಈಗ ತೆಗೀಬಹುದು," ಎಂದ.

ಆಗ ತಿರುಗಿ ಅವನನ್ನು ನೋಡಿದಳು. ಮೊಣಕೈವರೆಗೆ ಸಿಮೆಂಟು, ತಲೆಗೂದಲಲ್ಲಿ ಬಿಳಿ ಧೂಳು, ತುಟಿಯಲ್ಲಿ ಕಷ್ಟಪಟ್ಟು ತಡೆದ ನಗು. ಕೆಳಮನೆಯ ದೊಡ್ಡಮ್ಮನ ಅಡುಗೆಮನೆಗೆ ಟೈಲ್ಸ್ ಹಾಕುತ್ತಿದ್ದ ಮೇಸ್ತ್ರಿ ಅವನು. ಅವಳ ಕೂಗು ಕೇಳಿ ಮೆಟ್ಟಿಲು ಹತ್ತಿ ಓಡಿ ಬಂದಿದ್ದ.

"ನಾನು ಕನ್ನಡಕದಂಗಡೀಲಿ ಕೆಲಸ ಮಾಡೋದು," ಅವನು ಕೇಳದಿದ್ದರೂ ಹೇಳಿದಳು. "ಎಳ್ಳಿನಷ್ಟು ಸ್ಕ್ರೂ ಕೂರಿಸ್ತೀನಿ. ನನ್ನ ಕೈ ನಡುಗಲ್ಲ."

"ನಡುಗಿಲ್ಲ ಮೇಡಂ. ತೂತು ಪೈಪಿನ ಮಧ್ಯಕ್ಕೇ ಬಿದ್ದಿದೆ, ಒಂದು ಕೂದಲಷ್ಟೂ ಆಚೀಚೆ ಇಲ್ಲ."

ಕೋಪ ಬರಬೇಕಿತ್ತು. ನಗು ಬಂತು. ಅವತ್ತಿನಿಂದ ಅವನ ಬಾಯಲ್ಲಿ ಅವಳು 'ಸ್ಕ್ರೂ ಮೇಡಂ' ಆದಳು.

ಅಮ್ಮನಿಗೆ ಇದೇ ಒಳ್ಳೆಯ ಸಮಯವೆನಿಸಿತು. ನುಣುಪಾದ ಆ ಬಚ್ಚಲ ನೆಲದಲ್ಲಿ ಆಕೆ ಒಮ್ಮೆ ಜಾರಿ ಬಿದ್ದಿದ್ದಳು, ಮಂಡಿ ಇನ್ನೂ ಸರಿಹೋಗಿರಲಿಲ್ಲ. ನೆಲ ಕಿತ್ತು ಹೊಸದು ಹಾಕಿಸೋಣವೆಂದು ಆಕೆ, ನಾನೇ ಹಾಕುತ್ತೇನೆಂದು ಮಗಳು, ಹೀಗೆ ಇಬ್ಬರ ನಡುವೆ ಹಗ್ಗಜಗ್ಗಾಟ ನಡೆದೇ ಇತ್ತು. ಪರದೆಯ ಕಂಬಿಯಿಂದ ಹಿಡಿದು ಕಪಾಟಿನ ಬಾಗಿಲವರೆಗೆ ಎಲ್ಲವನ್ನೂ ಮಗಳೇ ಮಾಡಿದ್ದಳಲ್ಲ, ಬಚ್ಚಲೇನು ಮಹಾ?

ಮೇಸ್ತ್ರಿ ಇಬ್ಬರ ಮಾತೂ ಕೇಳಿ ರಾಜಿ ಮಾಡಿಸಿದ. ನೆಲ ಅವನದು, ಗೋಡೆ ಅವಳದು. ಬಣ್ಣ, ಕಪಾಟು, ಗೋಡೆಯ ಟೈಲ್ಸು ಯಾರು ಬೇಕಾದರೂ ಮಾಡಿ ಕಲಿಯಬಹುದು, ತಪ್ಪಾದರೆ ಕಿತ್ತು ಮತ್ತೆ ಹಾಕಬಹುದು. ಆದರೆ ನೀರು ನಿಲ್ಲುವ ಜಾಗದಲ್ಲಿ ತಪ್ಪು ಮಾಡಿದರೆ ಅದು ಕೆಳಮನೆಯವರ ತಲೆಯ ಮೇಲೆ ಬೀಳುತ್ತದೆ ಎಂದ. ಆಮೇಲೆ ಎದೆಯುಬ್ಬಿಸಿ, "ನನ್ನ ಕೈ ಬಿದ್ದ ನೆಲ ಇವತ್ತಿನವರೆಗೂ ಸೋರಿಲ್ಲ," ಎಂದೂ ಸೇರಿಸಿದ. ಜಂಬಕ್ಕೇನೂ ಕಡಿಮೆ ಇರಲಿಲ್ಲ ಮಹಾಶಯನಿಗೆ.

ಅವನು ನೆಲಕ್ಕೆ ನೀರು ತಡೆಯುವ ಕಪ್ಪು ಲೇಪ ಬಳಿದ. ಅದನ್ನು ಗೋಡೆಯ ಬುಡದಲ್ಲೂ ಒಂದಡಿಯಷ್ಟು ಹತ್ತಿಸಿದ. ಅವಳು ಬಾಗಿಲಲ್ಲಿ ಕೂತು ನೋಡಿದಳು. ಲೇಪವನ್ನೋ ಅವನ ಕೈಯನ್ನೋ ಎಂದು ಕೇಳಬೇಡಿ... ಅವಳಿಗೇ ಗೊತ್ತಿರಲಿಲ್ಲ.

"ಈ ಕಪ್ಪಿರೋ ಕಡೆ ಮೊಳೆ ಮಾತ್ರ ಹೊಡೀಬೇಡಿ," ಎಂದಿದ್ದ. ಅವಳು ತಲೆಯಾಡಿಸಿದ್ದಳು.

ನೆಲದ ತುಂಬ ನೀರು ನಿಲ್ಲಿಸಿ ಒಂದು ಹಗಲು, ಒಂದು ರಾತ್ರಿ ಬಿಟ್ಟು ನೋಡಿದರು. ಕೆಳಗೆ ಹನಿಯೂ ಇಳಿಯಲಿಲ್ಲ. ನೆಲದ ಟೈಲ್ಸೂ ಕೂತವು. ಮಾರನೆಯ ದಿನ ಅವನಿಗೆ ಬೇರೆ ಕಡೆ ಕೆಲಸವಿತ್ತು. ಅವಳು ರಜೆ ಹಾಕಿದಳು.

ಸಂಜೆ ಅವನು ಬರುವಷ್ಟರಲ್ಲಿ ಗೋಡೆಯ ಸಾಲುಗಳು ನಿಂತಿರಬೇಕು, ಅವನು ನೋಡಿ ಬೆರಗಾಗಬೇಕು. ಅಷ್ಟೇ ಆಸೆ. ಆದರೆ ಬುಡದ ಸಾಲು ಬಿಟ್ಟು ಮೇಲಿಂದ ಅಂಟಿಸಿದ ಟೈಲ್ಸು ಜಾರತೊಡಗಿತು. ಕೆಳಗೊಂದು ಮರದ ಪಟ್ಟಿಯ ಆಸರೆ ಕೊಟ್ಟರೆ ನಿಲ್ಲುತ್ತದೆಂದು ಯಾವುದೋ ವಿಡಿಯೋದಲ್ಲಿ ನೋಡಿದ್ದಳು. ಪಟ್ಟಿ ನಿಲ್ಲಬೇಕಾದರೆ ಮೊಳೆ ಬೇಕು. ಮೊಳೆ ಹೊಡೆಯಬೇಕಾದ ಜಾಗ ಕಪ್ಪಗಿತ್ತು.

*ನಾಲ್ಕೇ ನಾಲ್ಕು ಸಣ್ಣ ಮೊಳೆ... ಆಮೇಲೆ ಸಿಮೆಂಟು ತುಂಬಿದ್ರಾಯ್ತು.*

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹೊಡೆದೇಬಿಟ್ಟಳು. ಟೈಲ್ಸು ಗಟ್ಟಿಯಾಗಿ ಕೂತ ಮೇಲೆ ಪಟ್ಟಿ ಕಿತ್ತು, ತೂತುಗಳಿಗೆ ಸಿಮೆಂಟು ತುಂಬಿ, ಅವು ಕಾಣದಂತೆ ಬುಡದ ಸಾಲು ಅಂಟಿಸಿದಳು.

ಸಂಜೆ ಬಂದ ಮೇಸ್ತ್ರಿ ಗೋಡೆಯ ಮುಂದೆ ನಿಂತ. ಅಂಗೈಯನ್ನು ಟೈಲ್ಸಿನ ಮೇಲೆ ಮೆಲ್ಲಗೆ ಸವರಿದ.

"ಇದು ನೀವೊಬ್ಬರೇ ಮಾಡಿದ್ದಾ? ನಿಮ್ಮ ಕೈ ಭಾಳ ಚೆನ್ನಾಗಿದೆ ಕಣ್ರೀ."

ಮೊದಲ ಸಲ ಅವನ ಮಾತಿನಲ್ಲಿ ತಮಾಷೆ ಇರಲಿಲ್ಲ. ಮೊಳೆಯ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆ ಕಣ್ಣುಗಳನ್ನು ನೋಡಿ ನುಂಗಿಕೊಂಡಳು.

ನುಂಗಿದ್ದು ಜೀರ್ಣವಾಗಲಿಲ್ಲ.

ಕೆಲವೇ ವಾರಗಳಲ್ಲಿ ದೊಡ್ಡಮ್ಮನ ಅಡುಗೆಮನೆಯ ಛಾವಣಿ ತೇವ ಹಿಡಿದು ಬಣ್ಣ ಹಪ್ಪಳದಂತೆ ಎದ್ದಿತು. ದೊಡ್ಡಮ್ಮ ಮೇಸ್ತ್ರಿಯನ್ನು ಕರೆಸಿ ಮೆಟ್ಟಿಲ ಬಳಿಯೇ ನಿಲ್ಲಿಸಿ ಬೈದಳು. ಸೋರಲ್ಲ ಸೋರಲ್ಲ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ್ದು ಇದಕ್ಕೇನಾ ಎಂದಳು. ಅಕ್ಕಪಕ್ಕದ ಬಾಗಿಲುಗಳು ತೆರೆದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಅವಳು ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು.

"ತಪ್ಪು ನಂದೇ ದೊಡ್ಡಮ್ಮ," ಎಂದ ಅವನು. "ಲೇಪ ಎಲ್ಲೋ ತೆಳುವಾಗಿರ್ಬೇಕು. ಸರಿ ಮಾಡ್ಕೊಡ್ತೀನಿ."

ನೆಲದ ಅಂಚೆಲ್ಲ ಕಿತ್ತು ಹೊಸದಾಗಿ ಲೇಪ ಬಳಿದ. ಗೋಡೆಯ ಬುಡವನ್ನೂ ಬಿಚ್ಚಿ ನೋಡಬಾರದೇ ಎಂದು ಅಮ್ಮ ಕೇಳಿದಾಗ ಅವನು ಒಪ್ಪಲಿಲ್ಲ. ಆ ಗೋಡೆ ಅಷ್ಟು ಚೆನ್ನಾಗಿದೆ, ಅದನ್ನು ಮುಟ್ಟಲು ತನಗೆ ಮನಸ್ಸಿಲ್ಲ ಎಂದ. ಒಳಕೋಣೆಯಲ್ಲಿ ನಿಂತು ಇದನ್ನು ಕೇಳಿಸಿಕೊಂಡ ಅವಳಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು.

ಮತ್ತೆ ಸೋರಿತು.

ಅವನು ಬರುವುದು ನಿಂತಿತು. ದಾರಿಯಲ್ಲಿ ಎದುರಾದರೂ ತಲೆ ತಗ್ಗಿಸಿ ಹೋಗುತ್ತಿದ್ದ. *ಗೊತ್ತಾಗಿಬಿಟ್ಟಿದೆ... ನನ್ನ ಮುಖ ನೋಡೋಕೂ ಅಸಹ್ಯ ಅವರಿಗೆ.* ಹಾಗೆಂದುಕೊಂಡು ಅವಳು ಇನ್ನಷ್ಟು ಮುದುಡಿದಳು. ಹೇಳಿಬಿಡೋಣವೆಂದು ಬೆಳಿಗ್ಗೆ ನಿರ್ಧರಿಸುತ್ತಿದ್ದಳು, ಸಂಜೆಗೆ ಧೈರ್ಯ ಇಳಿದುಹೋಗುತ್ತಿತ್ತು. ಆ ಬಚ್ಚಲಲ್ಲಿ ಸ್ನಾನ ಮಾಡುವುದೂ ಬೇಡವಾಯಿತು.

ಒಂದು ಮಧ್ಯಾಹ್ನ ಅವನು ಅವಳ ಅಂಗಡಿಯ ಬಾಗಿಲು ತಳ್ಳಿಕೊಂಡು ಒಳಗೆ ಬಂದ.

"ಕಣ್ಣು ಪರೀಕ್ಷೆ ಮಾಡ್ತೀರಾ?" ಕೇಳಿದ. ಕೂದಲಲ್ಲಿ ಧೂಳಿರಲಿಲ್ಲ. ಕೈ ತೊಳೆದಿಟ್ಟ ಹಾಗೆ ಸ್ವಚ್ಛವಾಗಿತ್ತು.

ಅವಳು ಅವನನ್ನು ಕುರ್ಚಿಯಲ್ಲಿ ಕೂರಿಸಿದಳು. ಎದುರಿನ ಗೋಡೆಯ ಅಕ್ಷರಗಳನ್ನು ಓದಲು ಹೇಳಿದಳು. ಒಂದು ಕಣ್ಣು ಮುಚ್ಚಿ ಓದಿದ, ಇನ್ನೊಂದು ಮುಚ್ಚಿ ಓದಿದ. ಎಲ್ಲಕ್ಕಿಂತ ಕೆಳಗಿನ, ಇರುವೆ ಸಾಲಿನಂಥ ಸಾಲನ್ನೂ ತಡವರಿಸದೆ ಓದಿದ.

"ನಿಮ್ಮ ಕಣ್ಣು ಸರಿಯಾಗೇ ಇದೆ," ಎಂದಳು.

ಅವನ ಮುಖ ಅರಳಲಿಲ್ಲ, ಇಳಿದುಹೋಯಿತು.

"ಕಣ್ಣು ಮಂಜಾಗಿದೆ ಅಂದಿದ್ರೆ ಚೆನ್ನಾಗಿತ್ತು. ಎರಡು ಸಲ ಬಳಿದ್ರೂ ಎಲ್ಲಿ ತಪ್ಪಿದೆ ಅಂತ ಕಾಣ್ಲಿಲ್ಲ ನಂಗೆ. ಕನ್ನಡಕ ಹಾಕ್ಕೊಂಡು ಮತ್ತೆ ಕೆಲಸಕ್ಕೆ ಹೋಗ್ಬಹುದು ಅಂತಿದ್ದೆ." ತನ್ನ ಅಂಗೈ ನೋಡಿಕೊಂಡ. "ಹಾಗಾದ್ರೆ ಕೈನೇ ಹೋಗಿದೆ."

ಬಚ್ಚಲ ಕೆಲಸಗಳನ್ನೆಲ್ಲ ಬಿಟ್ಟು, ಟೈಲ್ಸ್ ಅಂಗಡಿಯಲ್ಲಿ ಪೆಟ್ಟಿಗೆ ಎತ್ತಿಡಲು ಸೇರಿಕೊಂಡಿದ್ದಾನಂತೆ. ಅವಳ ಮನೆಗೆ ಬರಲು ಮುಖವಿರಲಿಲ್ಲವಂತೆ. ನಂಬಿ ಕೆಲಸ ಕೊಟ್ಟವರ ಮನೆ ಹಾಳುಮಾಡಿದೆನೆಂದು ಅವಳ ಕ್ಷಮೆ ಬೇರೆ ಕೇಳಿದ!

ಅವಳ ಎದೆ ಒಡೆಯಿತು.

"ನಿಮ್ಮ ಕೈ ಹೋಗಿಲ್ಲ," ಎಂದಳು. "ಮೊಳೆ ಹೊಡೆದಿದ್ದು ನಾನು. ಕಪ್ಪಿರೋ ಕಡೇನೇ. ನಾಲ್ಕು ಮೊಳೆ. ಗೊತ್ತಿದ್ದೂ ಹೊಡೆದೆ. ನೀವು ನನ್ನ ಗೋಡೆ ಚೆನ್ನಾಗಿದೆ ಅಂದ್ರಲ್ಲ... ಆಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ."

ಅವನು ಆ ಅಕ್ಷರಗಳ ಗೋಡೆಯ ಕಡೆ ಮುಖ ತಿರುಗಿಸಿದ.

"ಲೇಪ ಹಾಳಾಗಿದ್ದಕ್ಕೆ ಬೇಜಾರಿಲ್ಲ," ಎಂದ. "ಬೈಸಿಕೊಂಡಿದ್ದಕ್ಕೂ ಇಲ್ಲ. ನನ್ನ ಕೈನ ನಾನೇ ನಂಬದ ಹಾಗೆ ಮಾಡಿಬಿಟ್ರಲ್ಲ ನೀವು."

ಎದ್ದು ಹೋದ. ಅವಳು ಖಾಲಿ ಕುರ್ಚಿಯ ಮುಂದೆ ಅಳುತ್ತ ನಿಂತಳು.

ಆ ಸಂಜೆ ಅವಳು ನೇರವಾಗಿ ದೊಡ್ಡಮ್ಮನ ಬಾಗಿಲು ತಟ್ಟಿದಳು. ಅವನು ಬೈಸಿಕೊಂಡಿದ್ದ ಅದೇ ಮೆಟ್ಟಿಲ ಬಳಿ ನಿಂತು, ಅಕ್ಕಪಕ್ಕದವರಿಗೂ ಕೇಳುವಂತೆ, ತಪ್ಪು ಮೇಸ್ತ್ರಿಯದಲ್ಲ ತನ್ನದು ಎಂದು ಎಲ್ಲವನ್ನೂ ಹೇಳಿದಳು. ದೊಡ್ಡಮ್ಮ ಬಾಯಿಗೆ ಬಂದಂತೆ ಬೈದಳು. ಅಮ್ಮ ತಲೆ ಮೇಲೆ ಕೈಹೊತ್ತು ಕೂತಳು. ಅವಳು ಎದುರಾಡಲಿಲ್ಲ. ಮೇಲೆ ಬಂದು ಉಳಿ, ಸುತ್ತಿಗೆ ತೆಗೆದುಕೊಂಡು ತಾನು ಅಂಟಿಸಿದ ಟೈಲ್ಸನ್ನು ಬುಡದಿಂದ ಒಂದೊಂದಾಗಿ ಒಡೆಯತೊಡಗಿದಳು. ಅವನು ಅಂಗೈ ಸವರಿದ್ದ ಟೈಲ್ಸು ಬಂದಾಗ ಮಾತ್ರ ಕೈ ತಡೆಯಿತು. ಅದನ್ನೂ ಒಡೆದಳು.

ಮಾರನೆಯ ಬೆಳಿಗ್ಗೆ ಅವನು ಬಾಗಿಲಲ್ಲಿದ್ದ. ದೊಡ್ಡಮ್ಮ ಫೋನು ಮಾಡಿ, ಬೈದದ್ದನ್ನೆಲ್ಲ ವಾಪಸು ತೆಗೆದುಕೊಂಡಿದ್ದಳಂತೆ. ಬತ್ತಲಾದ ಗೋಡೆಯ ಬುಡದಲ್ಲಿ ಅವನು ಮಂಡಿಯೂರಿ ಕೂತು, ನಾಲ್ಕು ತೂತುಗಳನ್ನೂ ಬೆರಳಿನಿಂದ ಮುಟ್ಟಿ ನೋಡಿದ. ಅವುಗಳ ಸುತ್ತ ತನ್ನ ಲೇಪವನ್ನು ಉಗುರಿನಿಂದ ಕೆರೆದ. ಅದು ಜಗ್ಗಲಿಲ್ಲ. ಅವನ ಉಸಿರು ದೀರ್ಘವಾಗಿ ಹೊರಬಂತು.

"ಈ ಸಲ ಗೋಡೆನೂ ನೀವೇ ಮಾಡಿ," ಎಂದಳು ಅವಳು ಬಾಗಿಲಿನಿಂದ. "ನಾನು ಮುಟ್ಟಲ್ಲ."

ಅವನು ತಿರುಗಿ ನೋಡಲಿಲ್ಲ. "ಬೇಡ. ಗೋಡೆ ನಿಮ್ಮದೇ. ನೆಲದಿಂದ ಶುರು ಮಾಡಿ, ಮೊದಲನೇ ಸಾಲು ಒಣಗಲಿ, ಆಮೇಲೆ ಎರಡನೇದು. ಕಾಯೋಕೆ ಕಲೀರಿ."

ಲೇಪ ಬಳಿದ. ಒಣಗಿತು. ನೆಲದ ತುಂಬ ಮತ್ತೆ ನೀರು ನಿಲ್ಲಿಸಿದರು.

ಮಾರನೆಯ ದಿನ ಇಬ್ಬರೂ ದೊಡ್ಡಮ್ಮನ ಅಡುಗೆಮನೆಯಲ್ಲಿ ಅಕ್ಕಪಕ್ಕ ಸ್ಟೂಲು ಹಾಕಿಕೊಂಡು, ಕತ್ತೆತ್ತಿ ಛಾವಣಿ ನೋಡುತ್ತ ಕೂತರು. ದೊಡ್ಡಮ್ಮ ಇಬ್ಬರನ್ನೂ ಒಮ್ಮೆ ನೋಡಿ, ಏನೋ ನೆನಪಾದವಳಂತೆ ಹೊರಗೆ ಹೋದಳು. ಆಕೆಗೇನು, ಕನ್ನಡಕವಿಲ್ಲದೆಯೂ ಕಾಣುತ್ತಿತ್ತು.

ಛಾವಣಿ ಒಣಗಿಯೇ ಇತ್ತು.

"ಸೋರಲಿಲ್ಲ," ಎಂದ ಅವನು. ಕಣ್ಣಂಚು ಒದ್ದೆಯಾಗಿತ್ತು.

"ನಿಮ್ಮ ಕೈ ಬಿದ್ದ ನೆಲ ಯಾವತ್ತೂ ಸೋರಿರ್ಲಿಲ್ಲ." ಅವಳು ತಲೆ ತಗ್ಗಿಸಿದಳು. "ನನ್ನನ್ನ ಕ್ಷಮಿಸ್ತೀರಾ?"

"ಕೋಪ ಇನ್ನೂ ಸ್ವಲ್ಪ ಇದೆ," ಎಂದ ಅವನು ಪ್ರಾಮಾಣಿಕವಾಗಿ. "ಅದು ಇದ್ರೂ ದಿನಾ ನಿಮ್ಮನ್ನ ನೋಡ್ಬೇಕು ಅನ್ಸುತ್ತೆ. ಏನ್ಮಾಡ್ಲಿ ಹೇಳಿ."

ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂತು. "ನಂಗೂ ಹಾಗೇ ಅನ್ಸುತ್ತೆ. ಪೈಪು ತೂತಾದ ದಿನದಿಂದಾನೂ..." ಎಂದು ಅವನ ಸಿಮೆಂಟು ಮೆತ್ತಿದ ಕೈ ಹಿಡಿದಳು. "ಇನ್ಮೇಲೆ ಎಲ್ಲಾದ್ರೂ ಮೊಳೆ ಹೊಡೆದ್ರೆ ಅವತ್ತೇ ಹೇಳ್ತೀನಿ."

"ಹೊಡೆಯೋ ಮೊದಲೇ ಹೇಳಿ."

"ಮೊದಲೇ ಹೇಳಿದ್ರೆ ಬೇಡ ಅಂತೀರಲ್ಲ."

"ಅನ್ನಲ್ಲ. ಸುತ್ತಿಗೆ ಹಿಡ್ಕೊಂಡು ಪಕ್ಕದಲ್ಲೇ ನಿಂತಿರ್ತೀನಿ."

"ಎಲ್ಲೀವರೆಗೂ?"

ಅವನು ಛಾವಣಿಯಿಂದ ಕಣ್ಣು ಕಿತ್ತು ಅವಳನ್ನು ನೋಡಿದ.

"ಗೋಡೆ ಇರೋವರೆಗೂ, ಸ್ಕ್ರೂ ಮೇಡಂ."