ಕೆಂಪು ಗೆರೆಗಿಂತ ಮೇಲೆ

ಹಂಜಾಕಿಗೆ ನೀರುಂಟು, ತನಗಿಲ್ಲ. ಟೊಕುಜಿಯ ಹೊಟ್ಟೆಯುರಿ ಇಷ್ಟೇ. ಹಳ್ಳದ ಬಂಡೆಗಳಡಿ ಬದುಕುವ, ಹಲ್ಲಿಯ ಆಕಾರದ, ಮಗುವಿನಷ್ಟು ಉದ್ದ ಬೆಳೆಯುವ ಆ ಕೆಸರು ಬಣ್ಣದ ಪ್ರಾಣಿಗಾಗಿ ಹಳ್ಳ ಸೊರಗಬಾರದೆಂದು ಊರವರು ಸಭೆ ಸೇರಿದ್ದರು. ಅಜ್ಜನ ಕಾಲದಿಂದ ಅವನ ಮನೆಯ ಮೀನುಕೊಳಕ್ಕೆ ಬರುತ್ತಿದ್ದ ಕಾಲುವೆಯನ್ನು ಮುಚ್ಚಿಸಿದ್ದರು. ಮುಚ್ಚಬೇಕೆಂದು ಕೈ ಎತ್ತಿದವರೆಲ್ಲ ಅವನ ಕೊಳದ ಮೀನು ತಿಂದು ಬೆಳೆದವರೇ.

“ಬೇಜಾರಾಗ್ಬೇಡ ಟೊಕು,” ಎಂದಿದ್ದಳು ಪಕ್ಕದ ಮನೆಯ ಕಿನುಯೊ ಅಜ್ಜಿ. “ನಿನಗೆ ಬಾವಿ ತೋಡೋಕೆ ಬರತ್ತೆ. ಅದಕ್ಕೆ ಪಾಪ ಬರಲ್ವಲ್ಲ.”

ಎಲ್ಲರೂ ನಕ್ಕಿದ್ದರು. ಟೊಕುಜಿಯೂ ನಕ್ಕಿದ್ದ. ಆ ನಗು ಗಂಟಲಲ್ಲಿ ಮುಳ್ಳಾಗಿ ಉಳಿಯಿತು. ಬೇಸಿಗೆಯಲ್ಲಿ ಯಮಾಮೆ ಮೀನುಗಳು ನಿಂತ ನೀರಿನಲ್ಲಿ ಉಸಿರುಗಟ್ಟಿ ಬಾಯಿ ಬಿಟ್ಟು ತೇಲಿದವು. ಮೀನಿಲ್ಲದಿದ್ದರೆ ಅವನ ಪುಟ್ಟ ವಸತಿಗೃಹಕ್ಕೆ ಯಾವ ಪುಣ್ಯಾತ್ಮ ಬಂದಾನು? ಇನ್ನೊಂದು ಬೇಸಿಗೆ ಹೀಗೇ ಕಳೆದರೆ ಬಾಗಿಲು ಹಾಕುವುದೇ ಗತಿ.

ಆಗ ಅವನಿಗೆ ಸುರಂಗ ನೆನಪಾಯಿತು. ದೇವಾಲಯದ ಹಿಂದೆ, ಹಳ್ಳದ ಮೇಲಿನ ಮಡುವಿನಿಂದ ಅವನ ಹಿತ್ತಲಿನವರೆಗೆ, ಎಂದೋ ಗದ್ದೆಗಾಗಿ ಕೊರೆದು ಎಂದೋ ಕೈಬಿಟ್ಟದ್ದು. ಊರಿನಲ್ಲಿ ಅದನ್ನು ಬಲ್ಲವರು ಬೇರೆ ಯಾರೂ ಉಳಿದಿರಲಿಲ್ಲ. ಚಳಿಗಾಲವಿಡೀ ಅವನು ಅಣಬೆ ಬುಟ್ಟಿ ಬೆನ್ನಿಗೇರಿಸಿ ಕಾಡಿಗೆ ಹೋಗಿ, ಅದೇ ಬುಟ್ಟಿಯಲ್ಲಿ ಹೂಳು ಹೊತ್ತು ಚೆಲ್ಲಿದ. ನೀರಿನ ಮಟ್ಟದಲ್ಲೇ ಇದ್ದ ಸುರಂಗದ ಬಾಯಿಗೆ ಜರಿಗಿಡ ನೆಟ್ಟು ಮರೆಮಾಡಿದ. ಸಣ್ಣ ಕಣ್ಣಿನ ಜಾಲರಿ ಹಾಕಿದರೆ ದೇವದಾರು ಎಲೆ ಕಟ್ಟಿಕೊಳ್ಳುತ್ತದೆ. ಬಿಡಿಸಲು ಪದೇ ಪದೇ ಹೋದರೆ ಯಾರಾದರೂ ನೋಡುತ್ತಾರೆ. ಹಾಗಾಗಿ ಗೇಣಿಗೊಂದು ಕಂಬಿ ನಿಲ್ಲಿಸಿದ. ಎಲೆ ಬಂದರೆ ಬರಲಿ, ಎಲೆ ಸಾಕ್ಷಿ ಹೇಳುವುದಿಲ್ಲ.

ಉಳಿದದ್ದು ಕೆಂಪು ಗೆರೆ. ಸೇತುವೆಯ ಬುಡದಲ್ಲಿ ಸರ್ಕಾರದವರು ಅಳತೆಗಂಬ ನೆಟ್ಟಿದ್ದರು. ಹಳ್ಳದ ನೀರು ಅದರ ಕೆಂಪು ಗೆರೆಗಿಂತ ಕೆಳಗಿಳಿಯಕೂಡದು. ಮೇಲೆ ಕದ್ದರೆ ಇಲ್ಲಿ ಇಳಿಯದೆ ಇರುತ್ತದೆಯೇ? ಟೊಕುಜಿ ಕಂಬದ ತುಸು ಕೆಳಗೆ, ಹರಿವಿಗಡ್ಡವಾಗಿ, ಪಾಚಿಗಟ್ಟಿದ ಕಲ್ಲುಗಳನ್ನು ತಾವಾಗಿ ಉರುಳಿ ಬಂದಂತೆ ಜೋಡಿಸಿದ. ಹಳ್ಳ ಸೊರಗಿತು, ಆದರೆ ಕಂಬದ ಬಳಿ ನೀರು ಏರಿ ನಿಂತಿತು. ಗೆರೆಗಿಂತ ನಾಲ್ಕು ಬೆರಳು ಮೇಲೆಯೇ! ಓದಿದವರು ಗೆರೆ ನೋಡುತ್ತಾರೆ, ಗೆರೆ ನೋಡಿ ಸಹಿ ಹಾಕುತ್ತಾರೆ ಎಂದು ಅವನು ಒಳಗೊಳಗೇ ಹಿಗ್ಗಿದ.

ಕೊಳಕ್ಕೆ ನೀರೆಲ್ಲಿಂದ ಎಂದು ಕೇಳುವವರಿಗೆ ಕೊಳವೆಬಾವಿ ಕೊರೆಸಿದ್ದಾಗಿ ಹೇಳಿದ. ಸುರಂಗದ ಕೊನೆಯನ್ನು ಮುಚ್ಚಿ ಒಂದು ಗುಡಿಸಲು ಕಟ್ಟಿ, ಒಳಗೆ ಪಂಪ್ ಇಟ್ಟ. ಪಂಪ್ ಏನನ್ನೂ ಎತ್ತದೆ ಗುರ್ ಎನ್ನುತ್ತಿತ್ತು. ಸುರಂಗದ ನೀರು ಅದರಡಿಯ ಕಲ್ಲುದೋಣಿಯಲ್ಲಿ ಹರಿದು ಕೊಳಕ್ಕೆ ಧುಮುಕುತ್ತಿತ್ತು.

ಇಷ್ಟಾದರೂ ಅವನ ಕಾಲು ಒಂದೆಡೆ ನಿಲ್ಲಲಿಲ್ಲ. ಊಟದ ನಡುವೆ ಎದ್ದು ಸೇತುವೆಗೆ ಹೋಗಿ ಗೆರೆ ನೋಡಿ ಬರುತ್ತಿದ್ದ. ಕೊನೆಗೆ ತಾನೇ ಮೇಲೆ ಬಿದ್ದು ನದಿ ಇಲಾಖೆಯ ನಿಶಿಗೋರಿಯನ್ನು ತಪಾಸಣೆಗೆ ಕರೆದ. ಒಮ್ಮೆ ಆಕೆ ಸರಿ ಎಂದುಬಿಟ್ಟರೆ ನೆಮ್ಮದಿ. ದಿನವನ್ನೂ ಅವನೇ ಆರಿಸಿದ: ಬೊಂಬೆ ಬಿಡುವ ಹಬ್ಬ. ಹೆಣ್ಣುಮಕ್ಕಳ ಪೀಡೆಯನ್ನೆಲ್ಲ ಕೆಂಪು ಕಾಗದದ ಬೊಂಬೆಜೋಡಿಗೆ ದಾಟಿಸಿ, ಅಂಗೈಯಗಲದ ಹುಲ್ಲುತಟ್ಟೆಯಲ್ಲಿಟ್ಟು ಹಳ್ಳದಲ್ಲಿ ತೇಲಿಬಿಡುವ ಆ ದಿನ ಊರಿಗೆ ಊರೇ ಸೇತುವೆಯ ಬಳಿ ಇರುತ್ತದೆ. ಕಾಡಿನತ್ತ ಒಂದು ನರಪಿಳ್ಳೆಯೂ ಸುಳಿಯುವುದಿಲ್ಲ.

ನಿಶಿಗೋರಿ ಬೆಳಿಗ್ಗೆಯೇ ಬಂದು ಕಂಬ ನೋಡಿದಳು, ತಲೆದೂಗಿದಳು. ಮಧ್ಯಾಹ್ನ ಕೊಳದ ಪಕ್ಕದ ಜಗುಲಿಯಲ್ಲಿ ಉಪ್ಪು ಸವರಿ ಸುಟ್ಟ ಯಮಾಮೆ ಬಡಿಸಿಕೊಂಡು ಕುಳಿತಳು.

“ಇಷ್ಟು ಮಳೆ ಕಮ್ಮಿ ಇದ್ರೂ ಗೆರೆ ಮೇಲೇ ಇದೆ. ನಿಮ್ಮೂರೋರು ಭೇಷ್!”

“ಮಾತು ಕೊಟ್ಮೇಲೆ ಉಳಿಸ್ಕೋಬೇಕಲ್ವಾ ಮೇಡಂ,” ಎಂದ ಟೊಕುಜಿ. ತಿಂಗಳುಗಳ ಮೇಲೆ ಮೊದಲ ಬಾರಿ ಅವನ ಮೊಣಕಾಲು ಕುಣಿಯುವುದನ್ನು ನಿಲ್ಲಿಸಿತ್ತು.

ಅಷ್ಟರಲ್ಲಿ ಕಿನುಯೊ ಅಜ್ಜಿ ಅತಿಥಿಗೆಂದು ಹಬ್ಬದ ಮೂರು ಬಣ್ಣದ ಅಕ್ಕಿಕಡುಬು ಹಿಡಿದು, ಏದುಸಿರು ಬಿಡುತ್ತ ಬಂದಳು. “ತಡವಾಯ್ತು ಕಣೋ ಟೊಕು, ಬೈಬೇಡ. ಈ ಸಲ ಏನಾಯ್ತೋ ಕಾಣೆ, ಸೇತುವೆ ಹತ್ರ ಬೊಂಬೆ ಬಿಟ್ರೆ ನಿಂತಲ್ಲೇ ಗಿರಕಿ ಹೊಡೀತಾವೆ. ನೀರು ಬೇಕಾದಷ್ಟಿದೆ, ಹರಿಯೋದೇ ಇಲ್ಲ! ಪೀಡೆ ಊರು ಬಿಟ್ಟು ಹೋಗ್ದಿದ್ರೆ ಹೆಂಗೆ? ಅದಕ್ಕೇ ಎಲ್ಲಾ ಎತ್ಕೊಂಡು ದೇವಾಲಯದ ಹಿಂದೆ, ಮೇಲಿನ ಮಡುವಿಗೆ ಹೋದ್ವಿ. ಅಲ್ಲಿ ನೋಡು, ಜರಿಗಿಡದ ಕಡೆ ನೀರು ಸರ್ರಂತ ಎಳ್ಕೊಂಡೇ ಹೋಯ್ತು.” ನಿಶಿಗೋರಿಯ ಕೈಯಲ್ಲಿದ್ದ ಊಟದ ಕಡ್ಡಿಗಳು ತಟ್ಟೆಯ ಮೇಲೆ ನಿಂತವು. ಆಕೆ ನೋಡುತ್ತಿದ್ದುದು ಅಜ್ಜಿಯನ್ನಲ್ಲ, ಪಂಪಿನ ಗುಡಿಸಲನ್ನು. ಅದರಡಿಯ ಕಲ್ಲುದೋಣಿಯಿಂದ ಒಂದು ಹುಲ್ಲುತಟ್ಟೆ ಜಾರಿ ಕೊಳಕ್ಕೆ ಬಿದ್ದು, ಮುಳುಗಿ, ಎದ್ದು ತೇಲಿತು. ಮೇಲೆ ತೊಯ್ದ ಕೆಂಪು ಬೊಂಬೆಗಳ ಜೋಡಿ. ಅದರ ಹಿಂದೆ ಇನ್ನೊಂದು, ಮತ್ತೊಂದು. “ಅಯ್ಯೋ, ಇದು ನಾನೇ ಮಡಚಿದ್ದಲ್ವೇನೋ!” ಎಂದಳು ಅಜ್ಜಿ. ಪಂಪ್ ಗುರ್ ಎನ್ನುತ್ತಲೇ ಇತ್ತು, ಊರಿನ ಪೀಡೆಯೆಲ್ಲ ಸಾಲಾಗಿ ಟೊಕುಜಿಯ ಮನೆಗೆ ಬಂದು ಸೇರುತ್ತಿತ್ತು.