ಕುಂಟುವ ವಿಡಿಯೋ

ಪಿಸ್ತೂಲಿನ ನಳಿಕೆ ನನ್ನ ಕುತ್ತಿಗೆಗೆ ಒತ್ತಿತು... ತಣ್ಣಗೆ!

"ವಿಡಿಯೋ ಯಾಕೋ ಕುಂಟ್ತಿದೆ?" ಅಂದ ಇಕ್ಕಳ.

ಆ ಹೆಸರು ಸುಮ್ಮನೆ ಬಂದಿರಲಿಲ್ಲ. ಎಡಗೈಯಲ್ಲಿ ಇಕ್ಕಳ ಹಿಡಿದೇ ನಿಂತಿದ್ದ. ತುದಿಯಲ್ಲಿ ರಕ್ತ.

ರಕ್ತ ಎದುರಿನ ಕುರ್ಚಿಗೆ ಅವನು ಬಿಗಿದು ಕಟ್ಟಿದ್ದ ಒಬ್ಬರದು. ನಾಳೆ ಕೋರ್ಟಿನಲ್ಲಿ ಇಕ್ಕಳನ ವಿರುದ್ಧ ಸಾಕ್ಷಿ ಹೇಳಬೇಕಾದವರು. 'ನಾನು ಹೇಳಿದ್ದೆಲ್ಲ ಸುಳ್ಳು' ಅಂತ ಅವರ ಬಾಯಿಂದಲೇ ರೆಕಾರ್ಡ್ ಮಾಡಿಸಿದ್ದ. ಲ್ಯಾಪ್‌ಟಾಪಿನ ವೆಬ್‌ಕ್ಯಾಮ್ ಕೈಕೊಟ್ಟಿತ್ತು. ಚಿತ್ರ ತಡೆದು ತಡೆದು ಹಾರುತ್ತಿತ್ತು... ಕತ್ತರಿಸಿ ಅಂಟಿಸಿದ ಹಾಗೆ! ಅವನ ಲಾಯರೇ ಒಪ್ಪಲಿಲ್ಲ.

ಲ್ಯಾಪ್‌ಟಾಪಿನಲ್ಲಿದ್ದದ್ದು ವಿಂಡೋಸ್ ಅಲ್ಲ, ಲಿನಕ್ಸ್. ಊರಲ್ಲಿ ಅದು ಗೊತ್ತಿದ್ದ ರಿಪೇರಿಯವನು ನಾನೊಬ್ಬನೇ. ಅದಕ್ಕೇ ನನ್ನನ್ನು ಎತ್ತಿಕೊಂಡು ಬಂದಿದ್ದ.

ಅವನಿಗೆ ಗೊತ್ತಿಲ್ಲದ್ದು ಒಂದೇ... ಕುರ್ಚಿಯಲ್ಲಿದ್ದವರು ನಮ್ಮಕ್ಕನ ಗಂಡ!

ಭಾವ ನನ್ನನ್ನು ನೋಡಿದರು. ನಾನು ಸ್ಕ್ರೀನ್ ನೋಡಿದೆ.

ಟೆಸ್ಟ್ ಅಂತ ಹೇಳಿ ರೆಕಾರ್ಡ್ ಒತ್ತಿದೆ.

"ಇದು ಸರಿಹೋದ್ಮೇಲೆ ಇವ್ರನ್ನ ಏನ್ ಮಾಡ್ತೀರಣ್ಣಾ?"

"ಮುಗಿಸ್ತೀನಿ. ನಿನಗ್ಯಾಕೋ ಊರ ಉಸಾಬರಿ? ರಿಪೇರಿ ಮಾಡು!"

ಸರಿಹೋದರೆ ಭಾವ ಹೆಣ. ಹೋಗದಿದ್ದರೆ ನಾನು. ಒಳ್ಳೇ ಗಿರಾಕಿ!

"ಬೆಳಕು ಸಾಲ್ತಿಲ್ಲ ಅಣ್ಣಾ. ಕತ್ತಲೆ ಇದ್ರೆ ಕ್ಯಾಮೆರಾ ಒಂದೊಂದು ಫ್ರೇಮಿಗೂ ಜಾಸ್ತಿ ಹೊತ್ತು ತಗೊಳ್ಳುತ್ತೆ. ಅದಕ್ಕೇ ಕುಂಟೋದು. ಇವ್ರ ಪಕ್ಕದ ಕಿಟಕಿ ಹಲಗೆ ಕೀಳಿ."

"ಕತೆ ಕಟ್ತೀಯಾ?"

"ಟಾರ್ಚ್ ಬಿಟ್ಟು ನೋಡಿ."

ಬಿಟ್ಟ. ಬೆಳಕು ಮುಖಕ್ಕೆ ಹೊಡೆದು ಭಾವ ಕಣ್ಣು ಮುಚ್ಚಿಕೊಂಡರು. ಚಿತ್ರ ನೀರಿನ ಹಾಗೆ ಹರಿಯಿತು.

"ಟಾರ್ಚಲ್ಲೇ ಮಾಡೋಣ!"

"ಬೇಡಣ್ಣಾ. ಹೆದರಿಸಿ ಹೇಳಿಸಿದ ಹಾಗೆ ಕಾಣುತ್ತೆ."

ಇಕ್ಕಳ ತಲೆ ಆಡಿಸಿದ. ನಂಬಿದ!

ಹಲಗೆಗೆ ಸುತ್ತಲೂ ಮೊಳೆ. ಕೀಳಲು ಎರಡೂ ಕೈ ಬೇಕು. ಪಿಸ್ತೂಲನ್ನು ಬೆನ್ನ ಹಿಂದೆ ಸೊಂಟಕ್ಕೆ ಸಿಕ್ಕಿಸಿದ. ಎಳೆದ... ಹಲಗೆ ಕಿತ್ತು ಬಂತು. ಬಿಸಿಲು ಅವನ ಕಣ್ಣಿಗೇ ನುಗ್ಗಿತು!

ಕಬ್ಬಿಣದ ಸ್ಟೂಲು ಎತ್ತಿ ಬೀಸಿದೆ.

ಭುಜ ಲಟಕ್ ಅಂತು. ತಿರುಗಿ ಪಿಸ್ತೂಲಿಗೆ ಕೈಹಾಕಿದ. ಇನ್ನೊಂದು ಏಟು ದವಡೆಗೆ! ಹಲ್ಲು ಗೋಡೆಗೆ ಬಡಿದು ಕೆಳಗುರುಳಿತು. ಹಿಂದೆಯೇ ಇಕ್ಕಳನೂ.

ಹಗ್ಗ ಬಿಚ್ಚಿದೆ. ಭಾವ ರಕ್ತ ಉಗಿದರು.

"ನಿಜವಾಗ್ಲೂ ಬೆಳಕು ಬೇಕಿತ್ತೇನೋ?"

"ಇಲ್ಲ ಭಾವ. ಕತ್ತಲಲ್ಲಿ ನಿಧಾನ ಆಗೋ ಸೆಟಿಂಗ್ ಒಂದನ್ನ ಆಫ್ ಮಾಡಿದ್ರೆ ಸಾಕಿತ್ತು."

"ಮತ್ತೆ ಟಾರ್ಚ್ ಬಿಡಿಸಿ ನನ್ನ ಕಣ್ಣು ಯಾಕೋ ಕುರುಡು ಮಾಡಿಸಿದೆ? ನಿಮ್ಮಕ್ಕನಿಗೆ ಹೇಳ್ತೀನಿರು!"

ರೆಕಾರ್ಡಿಂಗ್ ಇನ್ನೂ ಓಡುತ್ತಿತ್ತು. 'ಮುಗಿಸ್ತೀನಿ' ಅನ್ನೋದರಿಂದ ಹಲ್ಲು ಹಾರೋವರೆಗೆ... ಎಲ್ಲವೂ ಇತ್ತು. ಬಿಸಿಲು ಬಿದ್ದ ಮೇಲಂತೂ ಬೆಣ್ಣೆ!

ಇಕ್ಕಳನ ಲಾಯರಿಗೇ ಮೊದಲು ಕಳಿಸಿದೆ. ಎಲ್ಲೂ ಕತ್ತರಿ ಬಿದ್ದಿಲ್ಲ ಅಂತ ಅವರೇ ಹೇಳಲಿ!