ಮುಚ್ಚಬೇಕಿದ್ದ ಬಾವಿ

ಬೆಳಿಗ್ಗೆ ಎಂಟೂವರೆಗೆ ಇಂಧನ ಇಲಾಖೆಯ ಎಂಜಿನಿಯರ್ ಠಾಣೆಗೆ ಬಂದು ದೂರು ಬರೆದುಕೊಟ್ಟರು: ಬಾವಿ ಕೊರೆತದ ಜಾಗದ ಶೆಡ್ಡಿನಲ್ಲಿದ್ದ ಸಿಮೆಂಟ್ ಪಂಪಿನ ಕವಾಟ ಕಳುವಾಗಿದೆ. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್‌ನನ್ನು ಕರೆದುಕೊಂಡು ಅವರ ಜೊತೆಗೇ ಹೊರಟರು.

ಶೆಡ್ಡಿನ ಬೀಗ ಒಡೆದಿರಲಿಲ್ಲ. ಕವಾಟ ಬಿಚ್ಚಿದವರು ಬೋಲ್ಟುಗಳನ್ನು ಅವುಗಳ ತೂತಿಗೇ ತಿರುಗಿಸಿಟ್ಟು ಹೋಗಿದ್ದರು. ಪಕ್ಕದಲ್ಲೇ ತಾಮ್ರದ ಕೇಬಲ್ ಸುರುಳಿ ಬಿದ್ದಿತ್ತು.

“ತಾಮ್ರ ಬಿಟ್ಟು ಕಬ್ಬಿಣ ಹೊತ್ತೊಯ್ದಿದ್ದಾನಲ್ಲ ಸಾರ್, ಕಳ್ಳರ ಮಾನ ಕಳೆದ,” ಎಂದ ಕಾನ್‌ಸ್ಟೆಬಲ್.

ಇನ್‌ಸ್ಪೆಕ್ಟರ್ ಎಂಜಿನಿಯರ್ ಕಡೆ ತಿರುಗಿದರು. “ಈ ಕವಾಟ ಇಲ್ಲದಿದ್ರೆ ಯಾವ ಕೆಲಸ ನಿಲ್ಲುತ್ತೆ?”

“ಬಾವಿ ಮುಚ್ಚೋದು,” ಎಂದರು ಎಂಜಿನಿಯರ್. “ಬಿಸಿ ಆವಿ ಸಿಕ್ರೆ ಕರೆಂಟ್ ಮಾಡೋಣ ಅಂತ ಮೂರು ಕಿಲೋಮೀಟರ್ ಕೊರೆದ್ವಿ. ಸಿಗಲಿಲ್ಲ. ನಾಳೆ ಸಿಮೆಂಟ್ ತುಂಬಬೇಕಿತ್ತು. ಹೊಸ ಕವಾಟ ಬರೋಕೆ ಎರಡು ತಿಂಗಳು.”

“ಮುಚ್ಚಬೇಡಿ ಅಂದೋರು ಯಾರಾದ್ರೂ ಇದ್ರಾ?”

ಎಂಜಿನಿಯರ್ ತಡವರಿಸಿದರು. “ವಿಶ್ವವಿದ್ಯಾಲಯದ ಪ್ರೊಫೆಸರ್ ಒಬ್ರು. ನಮ್ಮ ಹುಡುಗರು ಥರ್ಮಾಮೀಟರ್ ಮೇಡಂ ಅಂತಾರೆ. ಉಪಕರಣ ಇಡೋಕೆ ಈ ಶೆಡ್ಡಿನ ಕೀ ಕೊಟ್ಟಿದ್ವಿ. ದಿನಾ ಬಂದು ತಲೆ ತಿಂತಿದ್ರು. ಕದಿಯೋ ಪೈಕಿ ಅಲ್ಲ ಬಿಡಿ.”

ಮಧ್ಯಾಹ್ನ ಪ್ರೊಫೆಸರ್ ಪ್ರಯೋಗಾಲಯದ ಶೋಧ ನಡೆಯಿತು. ಕಲ್ಲಿನ ತುಂಡುಗಳ ಕಪಾಟಿನ ಕೆಳಗಿನ ಅರೆಯಲ್ಲಿ ಗ್ರೀಸ್ ಹಚ್ಚಿ ಬಟ್ಟೆ ಸುತ್ತಿದ ಕವಾಟ ಸಿಕ್ಕಿತು.

“ಗ್ರೀಸ್ ಯಾಕಮ್ಮ ಹಚ್ಚಿದ್ದೀರಿ?” ಎಂದು ಇನ್‌ಸ್ಪೆಕ್ಟರ್ ಪ್ರೊಫೆಸರ್‌ರನ್ನು ಕೇಳಿದರು.

“ತುಕ್ಕು ಹಿಡಿದ್ರೆ ಅವರಿಗೆ ನಷ್ಟ ಅಲ್ವಾ? ಒಂದು ತಿಂಗಳಾದ್ಮೇಲೆ ವಾಪಸ್ ಇಡ್ತಿದ್ದೆ.”

“ತಿಂಗಳು ಯಾಕೆ?”

“ಕೊರೆಯುವಾಗ ಹರಿಸಿದ ನೀರಿಂದ ಬಂಡೆಯ ಶಾಖ ಏರುಪೇರಾಗಿದೆ. ಸರಿಹೋಗೋಕೆ ಒಂದು ತಿಂಗಳು ಬೇಕು. ಅದಕ್ಕೆ ಮೊದಲೇ ಬಾವಿಯೊಳಗೆ ಶಾಖ ಅಳೆದ್ರೆ ಸುಳ್ಳು ಲೆಕ್ಕ. ಇಂಥ ಬಾವಿ ಕೊರೆಸೋಕೆ ನನ್ನ ಏಳು ಜನ್ಮದ ಸಂಬಳ ಸಾಲದು. ಸರ್ಕಾರವೇ ಕೊರೆದಿದೆ. ನಾವು ನಿಂತಿರೋ ನೆಲದ ಹೊಟ್ಟೆಯಲ್ಲಿ ಎಷ್ಟು ಬಿಸಿ ಇದೆ ಅಂತ ತಿಳಿಯೋ ಮೊದಲೇ ಮುಚ್ಚಿಬಿಟ್ರೆ?”

ಇನ್‌ಸ್ಪೆಕ್ಟರ್ ಪಂಚರ ಸಮಕ್ಷಮ ಕವಾಟ ಜಪ್ತಿ ಮಾಡಿ, ಪಂಚನಾಮೆ ಮುಗಿಸಿ, ಆಕೆಯನ್ನು ಬಂಧಿಸಿ ಠಾಣೆಗೆ ಕರೆತಂದರು.

ಎಂಜಿನಿಯರ್ ಆಗಲೇ ಅಲ್ಲಿ ಕಾಯುತ್ತಿದ್ದರು. “ಸಿಕ್ತಲ್ಲ, ಕೊಟ್ಬಿಡಿ ಸಾರ್.”

“ಇದು ಈಗ ಮುದ್ದೆಮಾಲು, ಕೇಸಿನ ಸಾಕ್ಷ್ಯ. ಕೋರ್ಟಿಗೆ ಅರ್ಜಿ ಹಾಕಿ ಬಿಡಿಸ್ಕೊಳ್ಳಿ.”

“ಎಷ್ಟು ದಿನ ಆಗುತ್ತೆ?”

“ಒಂದೂವರೆ ತಿಂಗಳಂತೂ ಹಿಡಿಯುತ್ತೆ.”

ಕಾನ್‌ಸ್ಟೆಬಲ್ ನಗು ಬಂದದ್ದನ್ನು ಕೆಮ್ಮಿ ಮುಚ್ಚಿಕೊಂಡ. ಎಂಜಿನಿಯರ್ ಕುರ್ಚಿಯಲ್ಲಿ ಕುಸಿದು ಕೂತರು. ಆಮೇಲೆ ಪ್ರೊಫೆಸರ್ ಕಡೆ ತಿರುಗಿದರು.

“ಜಾಮೀನು ಸಿಕ್ಕ ಮೇಲೆ ಬನ್ನಿ ಮೇಡಂ. ಬಾವಿ ಹೇಗೂ ಸುಮ್ಮನೆ ಬಿದ್ದಿರುತ್ತೆ. ಶೆಡ್ಡಿನ ಕೀ ಮಾತ್ರ ಇನ್ನು ನನ್ನ ಹತ್ರಾನೇ.”

ಬಂಧನ ಪತ್ರಕ್ಕೆ ಸಹಿ ಹಾಕುತ್ತಿದ್ದ ಆಕೆಯ ಕೈ ನಿಂತಿತು.

ಸಂಜೆ ಇನ್‌ಸ್ಪೆಕ್ಟರ್ ಕೇಸ್ ಡೈರಿಯಲ್ಲಿ ಬರೆದರು: ಕೃತ್ಯದ ಉದ್ದೇಶ ಲಾಭವಲ್ಲ. ಬಂಡೆ ತನ್ನ ಶಾಖಕ್ಕೆ ಮರಳುವವರೆಗೆ ಬಾವಿ ತೆರೆದಿಡಲು ಆರೋಪಿಗೆ ಬೇರೆ ದಾರಿ ತೋಚಿರಲಿಲ್ಲ.